ಗೋಲ್‌ಪೋಸ್ಟಿಗೆ ನಿಂತ ಅತ್ತಿಗೆಗೆ

ಕುಣಿಗಲ್
8 ಆಗಸ್ಟ್ 1988

ಪ್ರೀತಿಯ ಅತ್ತಿಗೆ,

ಮಾತೃಸಮಾನರಾದ ಅತ್ತಿಗೆಯವರಿಗೆ ಎಂದು ಶುರು ಮಾಡಬೇಕೆಂದು ಗುಬ್ಬಿ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಹೇಳಿಕೊಟ್ಟಿದ್ದರು. ನನಗಿಂತ ಮೂರೇ ವರ್ಷ ದೊಡ್ಡವರಾದ ನಿಮಗೆ ಹಾಗೆ ಬರೆದರೆ ನೀವು ಕಾಗದ ಹಿಡಿದುಕೊಂಡೇ ನಕ್ಕುಬಿಡುತ್ತೀರಿ. ಅದಕ್ಕೇ ಬರೆಯಲಿಲ್ಲ.

ನಿಮ್ಮ ಕಾಗದ ಶನಿವಾರ ಕೈಸೇರಿತು. ತುಮಕೂರಿನ ಅರುಣೋದಯ ಕ್ಲಬ್ಬಿನವರು ಈ ಸಲದ ಹುಡುಗಿಯರ ಫುಟ್‌ಬಾಲ್ ಸೆಲೆಕ್ಷನ್ನಿಗೆ ಮೂವರು ಸೆಲೆಕ್ಟರುಗಳಲ್ಲಿ ಒಬ್ಬರಾಗಿ ಕೂರಲು ನಿಮ್ಮನ್ನು ಕರೆದಿದ್ದಾರೆಂದು ಓದಿ ನಾನು ಸ್ಟಾಫ್ ರೂಮಿನಲ್ಲೇ ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಗಾಬರಿಯಾದರು. ಆದರೆ ಕಾಗದದ ಕೊನೆಯಲ್ಲಿ ನೀವು ಬರೆದದ್ದು ನೋಡಿ ನನ್ನ ಉತ್ಸಾಹ ಇಳಿಯಿತು. "ಎಸ್ಸೆಸ್ಸೆಲ್ಸಿ ಓದ್ಕೊಂಡು ಮನೇಲಿರೋಳು ನಾನು. ಇನ್ನೊಬ್ರ ಮಕ್ಳಿಗೆ ಮಾರ್ಕ್ಸ್ ಹಾಕೋಕೆ ನಾನ್ಯಾರು ವನಜಾ? ನೀನು ಪಿ.ಟಿ. ಟೀಚರು. ಒಪ್ಕೊಳ್ಲಾ, ಬೇಡ್ವಾ, ನೀನೇ ಹೇಳು."

ಒಪ್ಪಿಕೊಳ್ಳಿ. ಇದು ನನ್ನ ಉತ್ತರ. ಇಷ್ಟಕ್ಕೆ ಒಂದು ಕಾರ್ಡು ಸಾಕಾಗಿತ್ತು. ಆದರೆ ಬರುವ ಭಾನುವಾರ ನೀವು ಆ ಮೈದಾನದಲ್ಲಿ ಪೆನ್ನು ಹಿಡಿದು ಕೂರುವ ಮೊದಲು, ಒಂಬತ್ತು ವರ್ಷದ ಹಿಂದಿನ ಒಂದು ಸಂಗತಿ ನಿಮಗೆ ತಿಳಿಯಬೇಕು. ನಿಮಗೆ ಗೊತ್ತಿರುವುದನ್ನೇ ಅರ್ಧ ಹೇಳುತ್ತೇನೆ, ಬೇಸರಿಸಬೇಡಿ. ಗೊತ್ತಿಲ್ಲದ ಅರ್ಧ ಅದರ ಒಳಗೇ ಸೇರಿಕೊಂಡಿದೆ.

ನೀವು ಹೆಬ್ಬೂರಿನಿಂದ ಗುಬ್ಬಿಯ ನಮ್ಮ ಮನೆಗೆ ಸೊಸೆಯಾಗಿ ಬಂದು ಆಗ ಮೂರು ತಿಂಗಳೂ ಆಗಿರಲಿಲ್ಲ. ನಿಮಗೆ ಹದಿನೆಂಟು, ನನಗೆ ಹದಿನೈದು. ಅಣ್ಣ ಕುಣಿಗಲ್ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ, ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದ. ಅಪ್ಪ ಹೋದ ಮೇಲೆ ಮನೆಯೆಂದರೆ ಅಮ್ಮನೇ. ಅವಳು ಬೇಡವೆಂದರೆ ಬೇಡ, ಆಯಿತೆಂದರೆ ಆಯಿತು. ಸ್ಕೂಲಿನ ಹಿಂದಿನ ಬಯಲಿನಲ್ಲಿ ನಾನು ಹುಡುಗರ ಜೊತೆ ಚೆಂಡು ಒದೆಯುತ್ತೇನೆಂದು ಅಮ್ಮನಿಗೆ ಗೊತ್ತಿತ್ತು. ಬೈಯುತ್ತಿದ್ದಳು, ಆದರೆ ನಿಲ್ಲಿಸಿರಲಿಲ್ಲ. ಅರುಣೋದಯ ಕ್ಲಬ್ಬು ಮೊದಲ ಸಲ ಹುಡುಗಿಯರ ಟೀಮು ಕಟ್ಟುತ್ತಿದೆ, ಹತ್ತೊಂಬತ್ತು ವರ್ಷದೊಳಗಿನವರು ಬರಬಹುದು ಎಂಬ ನೋಟಿಸು ಸ್ಕೂಲಿಗೆ ಬಂದಾಗ ಮೂರು ದಿನ ಅಮ್ಮನ ಹಿಂದೆ ಬಿದ್ದೆ. ನಾಲ್ಕನೆಯ ದಿನ ಅಮ್ಮ ನಿಮ್ಮ ಕಡೆ ತಿರುಗಿ, "ಸಿದ್ದಲಕ್ಷ್ಮೀ, ನೀನ್ ಜೊತೇಲ್ ಹೋಗಂಗಿದ್ರೆ ಕಳುಸ್ತೀನಿ. ಒಬ್ಳನ್ನೇ ರೈಲ್ ಹತ್ಸಲ್ಲ" ಅಂದಳು. ನೀವು ಹೂಂ ಅಂದಿರಿ. ನಿಮಗೂ ಮನೆಯಿಂದ ಒಂದು ದಿನ ಆಚೆ ಹೋಗುವ ಆಸೆಯಿತ್ತೆಂದು ರೈಲಿನ ಕಿಟಕಿಗೆ ಅಂಟಿ ಕೂತಿದ್ದ ನಿಮ್ಮನ್ನು ನೋಡಿದಾಗ ತಿಳಿಯಿತು.

ತುಮಕೂರಿನ ಹೈಸ್ಕೂಲ್ ಫೀಲ್ಡಿನಲ್ಲಿ ಮೂವತ್ತೊಂದು ಹುಡುಗಿಯರು ಸೇರಿದ್ದೆವು. ಕ್ಲಬ್ಬಿನ ಕೋಚು ಕಾಳಯ್ಯ ಮೇಷ್ಟ್ರು ಒಬ್ಬೊಬ್ಬರ ಬೆನ್ನಿಗೂ ನೀಲಿಯಲ್ಲಿ ನಂಬರು ಬರೆದ ಬಟ್ಟೆಯ ಚೂರು ಪಿನ್ನು ಹಾಕಿಸಿದರು. ನನ್ನದು ಹದಿನೇಳು. ಮೊದಲು ಮೈದಾನದ ಸುತ್ತ ಎರಡು ರೌಂಡು ಓಟ. ಆಮೇಲೆ ಸಾಲಾಗಿ ಇಟ್ಟ ಇಟ್ಟಿಗೆಗಳ ನಡುವೆ ಚೆಂಡನ್ನು ಹಾಯಿಸಿಕೊಂಡು ಹೋಗಿ ಬರಬೇಕು. ಆಮೇಲೆ ದೂರದಿಂದ ಒದೆತ. ಆಮೇಲೆ ಮೂರು ಮೂರು ಜನ ಸೇರಿ ಪಾಸು ಕೊಟ್ಟುಕೊಳ್ಳುತ್ತಾ ಮುಂದಕ್ಕೆ ಹೋಗುವುದು. ಮೂವರು ಸೆಲೆಕ್ಟರುಗಳು ಮೂರು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಮೇಷ್ಟ್ರು ಶುರುವಿನಲ್ಲೇ ಹೇಳಿದ್ದರು, ನೆನಪಿದೆಯಾ? "ಒಬ್ರು ಬರ್ದಿದ್ದನ್ನ ಇನ್ನೊಬ್ರು ನೋಡಂಗಿಲ್ಲ. ಸಾಯಂಕಾಲ ಮೂರನ್ನೂ ಕೂಡ್ತೀವಿ. ಮೊದಲ್ನೆ ಹದಿನಾಲ್ಕು ಜನ ಎ ಟೀಮು. ಆಮೇಲಿನ ಹದಿನಾಲ್ಕು ಬಿ ಟೀಮು. ಎ ಟೀಮು ಹೊರಗಡೆ ಮ್ಯಾಚಿಗೆ ಹೋಗ್ತದೆ. ಬಿ ಟೀಮು ಪ್ರಾಕ್ಟೀಸಲ್ಲಿ ಅವ್ರ ಎದುರು ಆಡ್ತದೆ. ಎರಡ್ ತಿಂಗಳಿಗೊಂದ್ ಸಲ ಮೇಲಿರೋರು ಕೆಳಕ್ಕೆ, ಕೆಳಗಿರೋರು ಮೇಲಕ್ಕೆ ಬರ್ಬೋದು. ಅಳೋರು ಈಗ್ಲೇ ಅತ್ಬುಡಿ."

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಎ ಟೀಮು ನನ್ನದೇ ಎಂಬ ಧೈರ್ಯ.

ಕೊನೆಗೆ ಟ್ರಯಲ್ ಮ್ಯಾಚು ಎಂದಾಗ ಕಷ್ಟ ಬಂತು. ಗೋಲ್‌ಪೋಸ್ಟಿಗೆ ನಿಲ್ಲಲು ಒಬ್ಬಳೂ ಸಿದ್ಧಳಿಲ್ಲ. ಎಲ್ಲರಿಗೂ ಒದ್ದು ತೋರಿಸುವ ಆಸೆ. ಮೇಷ್ಟ್ರು ಬೇಡಿಕೊಂಡು ಒಬ್ಬಳನ್ನು ಒಂದು ಕಡೆಗೆ ನಿಲ್ಲಿಸಿದರು. ಇನ್ನೊಂದು ಕಡೆ ಖಾಲಿ. ಬೇವಿನ ಮರದ ಕೆಳಗೆ ನನ್ನ ಚಪ್ಪಲಿ, ಊಟದ ಡಬ್ಬಿ ಕಾಯುತ್ತಾ ಕೂತಿದ್ದ ನಿಮ್ಮನ್ನು ಕಂಡು, "ಅಮ್ಮಾ, ಒಂದರ್ಧ ಗಂಟೆ ಬಂದು ನಿಂತ್ಕೊಳ್ಳಿ. ಏನೂ ಮಾಡ್ಬೇಡಿ, ಸುಮ್ನೆ ಜಾಗ ತುಂಬ್ಸಿ" ಅಂದರು. ನೀವು ನನ್ನ ಮುಖ ನೋಡಿದಿರಿ. "ಹೋಗಿ ಅತ್ಗೆ" ಅಂದೆ. ನೀವು ಬಳೆ ಬಿಚ್ಚಿ ಡಬ್ಬಿಯ ಮೇಲಿಟ್ಟು, ಗದ್ದೆಗೆ ಇಳಿಯುವವರ ಹಾಗೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಹೋಗಿ ನಿಂತಿರಿ.

ಮೊದಲ ಚೆಂಡು ಬಂದಾಗ ನೀವು ಹಿಡಿದದ್ದು ಅದೃಷ್ಟ ಅಂದುಕೊಂಡರು. ಎರಡನೆಯದಕ್ಕೆ ನೀವು ಎಡಕ್ಕೆ ಹಾರಿದಿರಿ. ಮೂರನೆಯದನ್ನು ತಲೆಯ ಮೇಲಿಂದ ಒಂದೇ ಕೈಯಲ್ಲಿ ಎಳೆದುಕೊಂಡಿರಿ. ಹುಡುಗಿಯರು ಆಟ ನಿಲ್ಲಿಸಿ ನೋಡತೊಡಗಿದರು. ನಾಲ್ಕನೆಯದು ನನ್ನದು. ನಾನು ಎದುರಿನ ತಂಡದಲ್ಲಿದ್ದೆ. ಇಬ್ಬರನ್ನು ದಾಟಿಕೊಂಡು ಬಂದು, ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಒದ್ದಿರಲಿಲ್ಲ ಎನ್ನುವ ಹಾಗೆ ಮೂಲೆಗೆ ಒದ್ದೆ. ಒದ್ದ ಕೂಡಲೇ ಗೋಲೆಂದು ಕೈ ಎತ್ತಿದ್ದೆ. ನೀವು ನೆಲಕ್ಕೆ ಬಿದ್ದು, ಚೆಂಡನ್ನು ಎದೆಗೆ ಅಪ್ಪಿಕೊಂಡು, ಮಣ್ಣು ಮೆತ್ತಿದ ಮುಖದಲ್ಲಿ ನನ್ನನ್ನು ನೋಡಿದಿರಿ. ನನ್ನ ಕೈ ಇನ್ನೂ ಮೇಲೇ ಇತ್ತು.

ಸಾಯಂಕಾಲ ಲಿಸ್ಟ್ ಓದಿದರು. ಎ ಟೀಮಿನ ಗೋಲ್‌ಕೀಪರ್, ಸಿದ್ದಲಕ್ಷ್ಮಿ. ನಂಬರ್ ಹದಿನೇಳು ವನಜ, ಬಿ ಟೀಮು. ನೀವು ಓಡಿಹೋಗಿ, "ಸಾರ್, ನಾನು ಸೆಲೆಕ್ಷನ್ನಿಗೆ ಬಂದೋಳಲ್ಲ. ಮದ್ವೆಯಾಗಿರೋಳು" ಎಂದು ಹೇಳಿದಿರಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಫಾರಮ್ಮಲ್ಲಿ ವಯಸ್ಸು ಕೇಳಿದೀವಿ. ತಾಳಿ ಕೇಳಿಲ್ಲ. ಹದಿನೆಂಟಾದ್ರೆ ಬನ್ನಿ" ಅಂದರು.

ವಾಪಸು ರೈಲಿನಲ್ಲಿ ನಿಮ್ಮ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಬೆಳಗ್ಗೆ ಕಿಟಕಿಗೆ ಅಂಟಿದ್ದವರು ಈಗ ಹೊರಗೆ ನೋಡಲೇ ಇಲ್ಲ. ನಾನು ತಡೆಯಲಾರದೆ ಕೇಳಿದೆ, "ನಂದೊಂದ್ ಬುಡಬೌದಿತ್ತಲ್ಲ ಅತ್ಗೆ?" ನೀವು ಸೆರಗಿನಿಂದ ಮೊಣಕೈ ಒರೆಸಿಕೊಳ್ಳುತ್ತಾ ಹೇಳಿದಿರಿ: "ಬುಡೋಕಾಗ್ಲಿಲ್ಲ ಕಣೇ. ನಮ್ಮೂರಲ್ಲಿ ಕೊಬ್ಬರಿಗೆ ಅಂತ ಅಟ್ಟಕ್ಕೆ ಕಾಯಿ ತುಂಬ್ತಾರಲ್ಲ, ಅಪ್ಪ ಕೆಳಗಿಂದ ಎಸೀತಿದ್ರು, ನಾನು ಮೇಲ್ ನಿಂತು ಹಿಡೀತಿದ್ದೆ. ಏಳ್ನೇ ವಯಸ್ಸಿಂದ. ಒಂದ್ ಬುಟ್ರೂ ಕೆಳಗಿರೋರ್ ತಲೆ ಹೋಳಾಯ್ತದೆ. ಬರೋದ್ ಕಂಡ್ರೆ ಕೈ ತಾನೇ ಹೋಯ್ತದೆ." ಆಮೇಲೆ ಮೆಲ್ಲಗೆ, "ಮನೇಲಿ ಹೇಳ್ಬೇಡ" ಅಂದಿರಿ.

ನಾನು ಹೇಳಲಿಲ್ಲ. ಆರು ಭಾನುವಾರ ಹೇಳಲಿಲ್ಲ. ಅಮ್ಮನ ಲೆಕ್ಕದಲ್ಲಿ ನಾನು ಆಡುವವಳು, ನೀವು ಕಾವಲಿಗೆ ಹೋಗುವವರು. ಅಲ್ಲಿ ನೋಡಿದರೆ ನೀವು ಅಣ್ಣನ ಹಳೆ ಪ್ಯಾಂಟು ಮಡಿಸಿ ಹಾಕಿಕೊಂಡು ಎ ಟೀಮಿನ ಪೋಸ್ಟಿಗೆ ನಿಲ್ಲುತ್ತಿದ್ದಿರಿ, ನಾನು ಬಿ ಟೀಮಿನಲ್ಲಿ ನಿಮ್ಮೆದುರು ಓಡುತ್ತಿದ್ದೆ. ಪ್ರತಿ ವಾರ ನಿಮ್ಮ ಕೈಗೆ ಚೆಂಡು ಒಪ್ಪಿಸಿ ಬರುವುದೇ ನನ್ನ ಕೆಲಸವಾಯಿತು. ಅವತ್ತು ಅದೊಂದು ಗೋಲು ಆಗಿದ್ದರೆ ನಾನು ಎ ಟೀಮಿನಲ್ಲಿರುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು ಅದು ನಿಜವೇ ಆಗಿಹೋಯಿತು. ನಿಮ್ಮ ಜೊತೆ ಮಾತು ಕಡಿಮೆಯಾಯಿತು. ನೀವು ಅದನ್ನು ಓದಿನ ಭಾರವೆಂದು ತಿಳಿದು ನನ್ನ ಪಾಲಿನ ಪಾತ್ರೆಯನ್ನೂ ತೊಳೆದಿಟ್ಟಿರಿ.

ಏಳನೆಯ ವಾರ ಕುಣಿಗಲ್‌ನಲ್ಲಿ ಮೊದಲ ಮ್ಯಾಚು ಗೊತ್ತಾಯಿತು. ಎ ಟೀಮಿನವರಿಗೆ ನೀಲಿ ಬನಿಯನ್ ಕೊಟ್ಟರು. ನಿಮ್ಮದರ ಬೆನ್ನಿಗೆ ಒಂದು ಎಂಬ ನಂಬರು. ನಿಮ್ಮ ಟ್ರಂಕನ್ನು ಅಮ್ಮ ಆಗಾಗ ತೆಗೆಯುತ್ತಾಳೆಂದು ಅದನ್ನು ನನ್ನ ಟ್ರಂಕಿನಲ್ಲಿ ಇಡಲು ಕೊಟ್ಟಿರಿ. ಶುಕ್ರವಾರ ಮಧ್ಯಾಹ್ನ ನೀವು ನಲ್ಲಿಗೆ ನೀರಿಗೆ ಹೋಗಿದ್ದಾಗ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ನಾನು ಅದನ್ನು ಹಾಕಿಕೊಂಡೆ. ಗೋಡೆಯ ಕನ್ನಡಿಯಲ್ಲಿ ಬೆನ್ನು ಕಾಣಲೆಂದು ಕತ್ತು ತಿರುಗಿಸಿಕೊಂಡು ನಿಂತಿದ್ದೆ. ಅಮ್ಮ ಹಿತ್ತಲಿನಿಂದ ಒಳಗೆ ಬಂದಳು.

ಅತ್ತಿಗೆ, ಅಮ್ಮನ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. "ನಿಂಗೆ ಕೊಟ್ರಾ ಮಗಾ?" ಎಂದು ಬೆನ್ನು ಸವರಿದಳು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿದ್ದರೂ ಸಾಕಿತ್ತು. ನನಗೆ ಏನಾಯಿತೋ, ಬನಿಯನ್ನನ್ನು ಕಿತ್ತು ನೆಲಕ್ಕೆ ಎಸೆದೆ. "ನಂದಲ್ಲ. ನಿನ್ ಸೊಸೇದು. ಎಲ್ಲಾರ್ ಮುಂದೆ ಪ್ಯಾಂಟ್ ಹಾಕ್ಕೊಂಡು, ಬಿದ್ದು ಹೊರಳಾಡಿ ಆಡ್ತಾಳೆ. ಗಂಡುಸ್ರು ಬೇಲಿ ಹತ್ರ ನಿಂತ್ ನೋಡ್ತಾರೆ. ಊರಿಗೆಲ್ಲಾ ಗೊತ್ತು, ನಿಂಗೊಬ್ಳಿಗೇ ಗೊತ್ತಿಲ್ಲ."

ಹೇಳಿದವಳು ನಾನು, ಅತ್ತಿಗೆ. ಇದು ನಿಮಗೆ ಗೊತ್ತಿಲ್ಲದ ಅರ್ಧ. ನಿಮ್ಮ ಆಟವನ್ನು ಹೇಳಿದ್ದಷ್ಟೇ ಅಲ್ಲ, ಅದಕ್ಕೆ ಕೆಸರು ಬಳಿದು ಹೇಳಿದೆ.

ಸಾಯಂಕಾಲ ಅಮ್ಮ ನಿಮ್ಮನ್ನು ಎದುರಿಗೆ ನಿಲ್ಲಿಸಿಕೊಂಡು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಯಾರು ಹೇಳಿದರೆಂದು ನೀವು ಕೇಳಿದ್ದಕ್ಕೆ, "ನೋಡ್ದೋರು ಹೇಳವ್ರೆ, ನಿಂಗ್ಯಾಕೆ?" ಅಂದಳು. ಅದೊಂದು ಮಾತಿನಿಂದ ಅಮ್ಮ ನನ್ನನ್ನು ಉಳಿಸಿದಳು. ಹಿಂದಿನ ಭಾನುವಾರವಷ್ಟೇ ಎದುರುಮನೆ ನಿಂಗಮ್ಮ ತುಮಕೂರು ಸ್ಟೇಷನ್ನಿನಲ್ಲಿ ನಿಮ್ಮನ್ನು ಪ್ಯಾಂಟಿನಲ್ಲೇ ಕಂಡು, "ಏನವ್ವಾ ಇದು ವೇಷ?" ಎಂದು ನಕ್ಕಿದ್ದರು. ಅಮ್ಮನ ಮಾತಿಗೆ ನೀವು ತಲೆಯಾಡಿಸಿದ್ದು ನೋಡಿದೆ. ನಿಮ್ಮ ಲೆಕ್ಕಕ್ಕೆ ಹೇಳಿದವರು ಸಿಕ್ಕಿದ್ದರು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ನೀವು ಅಷ್ಟು ಮಾತು ಕೇಳಿದ ಮೇಲೂ ಒಂದೇ ಹೇಳಿದಿರಿ: "ಆಯ್ತು ಅತ್ತೆ, ನಾನ್ ಹೋಗಲ್ಲ. ವನಜನ್ನ ಮಾತ್ರ ತಡೀಬೇಡಿ. ಅವ್ಳು ಆಡಾಕೆ ಅಂತ್ಲೇ ಹೋದೋಳು."

ಭಾನುವಾರ ನಾನು ಟೀಮಿನ ಜೊತೆ ಕುಣಿಗಲ್‌ಗೆ ಹೊರಟೆ. ಬಿ ಟೀಮಿನಿಂದ ಇಬ್ಬರನ್ನು ಸ್ಟ್ಯಾಂಡ್‌ಬೈ ಎಂದು ಕರೆದಿದ್ದರು. ಬಸ್ಸು ಅಣ್ಣನದೇ. ಟಿಕೆಟ್ ಹರಿಯುತ್ತಾ ನನ್ನ ಹತ್ತಿರ ಬಂದು, "ಎಲ್ಲೇ ನಿಮ್ ಗೋಲ್‌ಕೀಪರ್ರು?" ಅಂದ. "ನಿಂಗ್ಯಾರ್ ಹೇಳಿದ್ರು?" ಅಂದೆ. "ನಂಗ್ ಮೊದಲ್ನೇ ವಾರಾನೇ ಹೇಳವ್ಳೆ. ಮೊಣಕೈಗೆ ಅರಿಶಿನ ಹಚ್ದೋನು ನಾನೇ. ಅಮ್ಮಂಗೆ ಹೆಂಗ್ ಹೇಳೋದು ಅಂತ ಇಬ್ರೂ ಯೋಚ್ನೆ ಮಾಡ್ತಿದ್ವಿ" ಅಂದ. ನಡೆದದ್ದನ್ನು ಹೇಳಿದೆ. ಅಮ್ಮನಿಗೆ ಹೇಳಿದವರು ಯಾರೆಂದು ಕೇಳಿದಾಗ ಗೊತ್ತಿಲ್ಲ ಅಂದೆ. ಮೈದಾನದಲ್ಲಿ ಮೇಷ್ಟ್ರು ಕೇಳಿದಾಗ ನಿಮಗೆ ಜ್ವರ ಅಂದೆ. ಒಂದೇ ಬೆಳಗ್ಗೆ ಎರಡು ಸುಳ್ಳು.

ಬಿ ಟೀಮಿನ ಗೋಲ್‌ಕೀಪರ್ ಬಂದಿರಲಿಲ್ಲ. "ಹಂಗಾದ್ರೆ ನೀನೇ ನಿಂತ್ಕೊ" ಎಂದು ಮೇಷ್ಟ್ರು ಆ ನೀಲಿ ಬನಿಯನ್ ಹಾಕಿಕೊಳ್ಳಲು ಹೇಳಿದರು. ವಾಪಸು ಕೊಡಲೆಂದು ಅದನ್ನು ನಾನೇ ಚೀಲದಲ್ಲಿ ತಂದಿದ್ದೆ. ಆಸೆಪಟ್ಟಿದ್ದ ಬನಿಯನ್ ಮೈಮೇಲೆ ಬಂತು. ನಾಲ್ಕು ಗೋಲು ಬಿಟ್ಟೆ. ನೀವು ಅದನ್ನೆಲ್ಲ ಎಷ್ಟು ಸಲೀಸಾಗಿ ಮಾಡುತ್ತಿದ್ದಿರೆಂದು ಎರಡನೆಯ ಗೋಲಿನ ಹೊತ್ತಿಗೇ ಅರ್ಥವಾಗಿತ್ತು. ಇನ್ನೂ ಒಂದು ಅರ್ಥವಾಯಿತು. ಪೋಸ್ಟಿನಲ್ಲಿ ನಿಂತಾಗ ಇಡೀ ಮೈದಾನ ಕಾಣುತ್ತದೆ. ನಮ್ಮ ಫಾರ್ವರ್ಡ್ ಹುಡುಗಿ ಚೆಂಡನ್ನು ತಾನೇ ಇಟ್ಟುಕೊಂಡು ಓಡುತ್ತಿದ್ದಾಗ, ಅವಳ ಬಲಗಡೆ ಇನ್ನೊಬ್ಬಳು ಖಾಲಿ ನಿಂತು ಕೈ ಎತ್ತುತ್ತಿದ್ದದ್ದು ನನಗೆ ಕಂಡಿತು. "ಕೊಡೇ ಅವ್ಳಿಗೆ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ಕೊಡಲಿಲ್ಲ.

ಮುಂದಿನ ಬುಧವಾರ ಕಾಳಯ್ಯ ಮೇಷ್ಟ್ರು ಜ್ವರ ಬಂದವರನ್ನು ನೋಡಲು ಮೂಸಂಬಿ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ನೀವು ಅಡಿಗೆಮನೆಯ ಬಾಗಿಲಲ್ಲಿ ರಾಗಿ ಕೇರುತ್ತಿದ್ದಿರಿ. "ಹುಷಾರಾದ್ರಾ?" ಎಂದು ಅವರು ಕೇಳಿದ್ದು, "ಯಾರಿಗೇನಾಗಿತ್ತು?" ಎಂದು ಅಮ್ಮ ಕೇಳಿದ್ದು, ನಾನು ಗೋಡೆ ನೋಡಿದ್ದು, ಇದೆಲ್ಲ ನಿಮಗೂ ಗೊತ್ತು. ಅಮ್ಮ ಮುಚ್ಚುಮರೆ ಮಾಡಲಿಲ್ಲ. "ನಮ್ ಸೊಸೆ ಬರಾಕಿಲ್ಲ ಸ್ವಾಮಿ. ಅದ್ಯಾಕ್ ಆರಿಸ್ಕಂಡ್ರಿ ಅವಳನ್ನ? ಹೋಗಿದ್ದು ನನ್ ಮಗಳು, ಆರ್ಸಿದ್ದು ಸೊಸೇನ. ಇದ್ಯಾವ ನ್ಯಾಯ?"

ಎರಡು ತಿಂಗಳ ಸೆಲೆಕ್ಷನ್ ಹತ್ತಿರವಾಗಿದ್ದರಿಂದ ಜೋಳಿಗೆಯಲ್ಲೇ ಇದ್ದ ಮೊದಲ ಸೆಲೆಕ್ಷನ್ನಿನ ಮೂರು ಹಾಳೆಯನ್ನು ಮೇಷ್ಟ್ರು ತೆಗೆದರು. ತಮ್ಮ ಜೊತೆಯವರು ಬರೆದದ್ದೂ ಅದರಲ್ಲಿತ್ತು. "ನ್ಯಾಯ ಹೆಂಗ್ ಮಾಡಿದೀವಿ ನೀವೇ ನೋಡಿ ತಾಯಿ" ಎಂದು ಅಮ್ಮನ ಕೈಗೆ ಕೊಟ್ಟರು. ಓದು ಬಾರದ ಅಮ್ಮ ಅದನ್ನು ನನ್ನ ಕೈಗಿತ್ತು, "ಓದು, ಕೇಳುಸ್ಬೇಕು" ಅಂದಳು.

ಮೊದಲು ನಿಮ್ಮದನ್ನು ಓದಿದೆ. ನಿಮಗೆ ನಂಬರ್ ಇರಲಿಲ್ಲವಲ್ಲ, ಮೂರು ಹಾಳೆಯಲ್ಲೂ ನಂಬರಿನ ಜಾಗದಲ್ಲಿ ‘ಸೀರೆಯವರು’ ಎಂದಿತ್ತು. ಹತ್ತಕ್ಕೆ ಹತ್ತು. ಹತ್ತಕ್ಕೆ ಒಂಬತ್ತು. ಹತ್ತಕ್ಕೆ ಹತ್ತು. ಆಮೇಲೆ ಹದಿನೇಳು. ಓಟ ಒಂಬತ್ತು. ಒದೆತ ಒಂಬತ್ತು. ಪಾಸು ಎರಡು. ಇನ್ನೊಂದರಲ್ಲೂ ಪಾಸು ಎರಡು. ಮೂರನೆಯದರಲ್ಲಿ ಒಂದು. ಮೇಷ್ಟ್ರ ಅಕ್ಷರದಲ್ಲಿ ಕೆಳಗೆ ಹೀಗೆ ಬರೆದಿತ್ತು: ‘ಹುಡುಗಿಯಲ್ಲಿ ಶಕ್ತಿ ಇದೆ. ಪಕ್ಕದವಳು ಕಣ್ಣಿಗೆ ಬೀಳುವುದಿಲ್ಲ. ನನ್ನ ಲೆಕ್ಕಕ್ಕೆ ಬಿ ಟೀಮು. ಎರಡು ತಿಂಗಳ ಮೇಲೆ ಮತ್ತೆ ನೋಡುವುದು.’ ಅಲ್ಲಿ ಗಂಟೆಯೂ ಹಾಕಿತ್ತು. ಹನ್ನೊಂದೂವರೆ. ಟ್ರಯಲ್ ಮ್ಯಾಚು ಶುರುವಾದದ್ದು ಹನ್ನೆರಡಕ್ಕೆ. ಒದೆಯುವವರಿಗೆ ಆ ಮ್ಯಾಚಿನ ಮಾರ್ಕ್ಸಿಗೆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಆ ಗಂಟೆಯನ್ನು ನಾನು ಎರಡೆರಡು ಸಲ ಓದಿದ್ದನ್ನು ನೀವು ನಾಚಿಕೆಯೆಂದು ತಿಳಿದಿರಬಹುದು. ನಿಮ್ಮ ಎದುರು ಬಂದು ಒದೆಯುವ ಅರ್ಧ ಗಂಟೆ ಮೊದಲೇ ನನ್ನ ಜಾಗ ಗೊತ್ತಾಗಿತ್ತು, ಅತ್ತಿಗೆ. ನೀವು ಆ ಚೆಂಡನ್ನು ಬಿಟ್ಟಿದ್ದರೂ ನಾನು ಬಿ ಟೀಮೇ. ನೀವು ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಕಿತ್ತುಕೊಂಡವಳು ನಾನು.

ಅಮ್ಮ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಷ್ಟ್ರಿಗೆ ವಾಪಸು ಕೊಟ್ಟಳು. ಆಮೇಲೆ ನಿಮ್ಮ ಕಡೆ ತಿರುಗಿ ಕೇಳಿದಳು, "ಹತ್ತಕ್ ಹತ್ತಾ?" ನೀವು ಮೊರ ಹಿಡಿದುಕೊಂಡು ತಲೆ ತಗ್ಗಿಸಿದಿರಿ. "ಇಂಥಾದ್ನ ಅತ್ತೆ ಹತ್ರ ಬಚ್ಚಿಡ್ತಾರೇನೇ? ಏನೋ ಮಾಡ್ಬಾರದ್ದು ಮಾಡ್ದೋಳಂಗೆ? ನಾನೇನ್ ಹುಲಿನಾ?" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅವತ್ತು ಫಾರಮ್ಮಿನಲ್ಲಿ ಪೋಷಕರ ಸಹಿಯ ಜಾಗಕ್ಕೆ ಅಮ್ಮ ಹೆಬ್ಬೆಟ್ಟು ಒತ್ತಿದಳು. ಎರಡು ಷರತ್ತು ಹಾಕಿದಳು. ಗುಬ್ಬಿ ಸ್ಟೇಷನ್ನಿನವರೆಗೆ ಸೀರೆಯಲ್ಲೇ ಹೋಗಬೇಕು. ಮುಂದಿನ ಮ್ಯಾಚಿಗೆ ತಾನೂ ಬರಬೇಕು.

ಬಂದಳಲ್ಲ! ಕುಣಿಗಲ್‌ನವರ ಎದುರಿನ ಎರಡನೆಯ ಮ್ಯಾಚಿನಲ್ಲಿ ಒಂದೇ ಗೋಲಿನಿಂದ ಸೋತೆವು. ಅಮ್ಮನಿಗೆ ಮಾತ್ರ ಗೆದ್ದ ಸಂತೋಷ. "ನಾಕ್ ಇದ್ದಿದ್ದು ಒಂದಾಯ್ತಲ್ಲ" ಎಂದು ಬಸ್ಸಿನಲ್ಲಿ ಎಲ್ಲರಿಗೂ ಚಿತ್ರಾನ್ನ ಹಂಚಿದಳು. ಎರಡು ತಿಂಗಳಿಗೆ ನಾನು ಎ ಟೀಮಿಗೆ ಹತ್ತಿದೆ. ಪಾಸಿಗೆ ಏಳು ಬಂದಿತ್ತು. ನೀವು ಮಗಳು ಹೊಟ್ಟೆಯಲ್ಲಿ ನಿಲ್ಲುವವರೆಗೆ ಎರಡು ವರ್ಷ ಪೋಸ್ಟಿಗೆ ನಿಂತಿರಿ. ಆ ಎರಡು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಆಮೇಲೆ ನಾನು ಪಿ.ಟಿ. ಟ್ರೈನಿಂಗ್ ಮಾಡುತ್ತೇನೆಂದಾಗ ಅಮ್ಮನನ್ನು ಒಪ್ಪಿಸಿದವರೂ ನೀವೇ.

ಇಷ್ಟೆಲ್ಲ ಸರಿಹೋದ ಮೇಲೆ ಹಳೆಯದನ್ನು ಯಾಕೆ ಕೆದಕಬೇಕೆಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಒಂದು ಸರಿಹೋಗಲಿಲ್ಲ. ನೀವು ನಿಂಗಮ್ಮನ ಜೊತೆ ಮಾತು ಬಿಟ್ಟಿರಿ. ಜಗಳವಿಲ್ಲ, ಬೈಗುಳವಿಲ್ಲ, ಅವರು ಎದುರಿಗೆ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಿರಿ. ಮಗಳ ನಾಮಕರಣಕ್ಕೆ ಬೀದಿಯನ್ನೆಲ್ಲ ಕರೆದು ಅವರೊಬ್ಬರ ಮನೆ ಬಿಟ್ಟಿರಿ. ನೀವೆಲ್ಲ ತುಮಕೂರಿಗೆ ಮನೆ ಮಾಡಿ ಹೊರಟ ದಿನ ಅವರು ಬಾಗಿಲಲ್ಲಿ ನಿಂತೇ ಇದ್ದರು, ನೀವು ನೋಡದೆ ಗಾಡಿ ಹತ್ತಿದಿರಿ. ಅಮ್ಮ ಆಗ ನನ್ನ ಕೈ ಹಿಡಿದು, "ನಾನ್ ಹೇಳಾಕಿಲ್ಲ ಕಣೇ ವನಜಾ. ಹೇಳ್ಬೇಕಾದೋಳು ನೀನು" ಅಂದಿದ್ದಳು. ಆಮೇಲೂ ಐದು ವರ್ಷ ಕಳೆದೆ.

ನಿಮ್ಮ ಕಾಗದ ಓದಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಇನ್ನೊಬ್ಬರ ಮಕ್ಕಳನ್ನು ಅಳೆಯಲು ನಾನ್ಯಾರೆಂದು ಕೇಳಿದ್ದೀರಿ. ನೀವೇ ಹಾಗೆ ಅಂದರೆ, ಪ್ರತಿ ವರ್ಷ ನಮ್ಮ ಸ್ಕೂಲಿನಲ್ಲಿ ಹುಡುಗಿಯರಿಗೆ ಲಿಸ್ಟ್ ಓದುವ ನಾನು ಯಾರು? ನಿನ್ನೆ ಭಾನುವಾರ ಗುಬ್ಬಿಗೆ ಹೋದೆ. ನಿಂಗಮ್ಮ ಜಗುಲಿಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನನ್ನು ನೋಡಿದರು. "ಅದುಕ್ಕಾ ಮಾತಾಡುಸ್ತಿರ್ಲಿಲ್ಲ ಆ ಹುಡ್ಗಿ? ನನ್ ಬಾಯಿ ಜೋರು, ಆಗ್‌ಬರಾಕಿಲ್ಲ ಅವ್ಳಿಗೆ ಅಂದ್ಕಂಡಿದ್ದೆ ಕಣವ್ವಾ. ಒಂಬತ್ ವರ್ಸ ಮೆಲ್ಲುಗ್ ಮಾತಾಡೋದ್ ಕಲಿತೆ ನಾನು!" ಎಂದು ನಗಲು ಶುರುಮಾಡಿದರು. ನಗುತ್ತಾ ನಗುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅವರ ಕಾಲು ಹಿಡಿದುಕೊಂಡೆ. ಏಳಿಸಿ, ಅರ್ಧ ಬಿಡಿಸಿದ ಅಲಸಂದೆಕಾಯಿಯನ್ನು ನನ್ನ ಮುಂದೆ ಸರಿಸಿ, "ಬಿಡ್ಸು, ಸಾರಿಗಾಯ್ತದೆ" ಅಂದರು. ಅಲ್ಲೇ ಊಟ ಮಾಡಿ ಬಂದೆ.

ಅತ್ತಿಗೆ, ನನ್ನನ್ನು ಕ್ಷಮಿಸಿ ಎಂದು ಒಂದು ಸಾಲು ಬರೆದು ಮುಗಿಸುವಷ್ಟು ಸಣ್ಣದಲ್ಲ ಇದು. ನೀವು ಕೋಪ ಮಾಡಿಕೊಂಡರೆ ಅದೂ ನ್ಯಾಯವೇ. ಎಷ್ಟು ದಿನ ಬೇಕೋ ಅಷ್ಟು ದಿನ ಮಾಡಿ. ಆದರೆ ಭಾನುವಾರ ಆ ಕುರ್ಚಿಯಲ್ಲಿ ಕೂರುವುದನ್ನು ಮಾತ್ರ ಬಿಡಬೇಡಿ. ಮೂವತ್ತು ಹುಡುಗಿಯರಲ್ಲಿ ಒಬ್ಬಳಾದರೂ ಗೋಲಾಯಿತೆಂದು ಕೈ ಎತ್ತಿ, ಆಗದೆ, ಅದೇ ಭಂಗಿಯಲ್ಲಿ ನಿಂತಿರುತ್ತಾಳೆ. ಅವಳಿಗೆ ಬಿ ಟೀಮು ಎಂದು ಬರೆಯಬೇಕಾದರೆ ಬರೆಯಿರಿ, ಆದರೆ ಯಾಕೆಂದು ಅವಳ ಪಕ್ಕ ಕೂತು ಓದಿಹೇಳಿ. ನನಗೆ ಅದನ್ನು ಏಳು ವಾರ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ನೀವು ಹೇಳಿದರೆ ಮಕ್ಕಳು ಕೇಳುತ್ತಾರೆ.

ನಮ್ಮ ಸ್ಕೂಲಿನಿಂದ ನಾಲ್ವರನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬರುತ್ತೇನೆ. ನನ್ನ ಮಕ್ಕಳೆಂದು ಅರ್ಧ ಮಾರ್ಕ್ಸೂ ಜಾಸ್ತಿ ಹಾಕಬೇಡಿ. ಗುಬ್ಬಿಯಿಂದ ಬೆಳಗಿನ ರೈಲಿಗೆ ನಿಂಗಮ್ಮ ಬರುತ್ತಾರೆ. ನೀವು ಸೆಲೆಕ್ಟರ್ ಆಗಿ ಕೂರುವುದನ್ನು ನೋಡಲೇಬೇಕಂತೆ, ಬೇಡವೆಂದರೂ ಕೇಳುವುದಿಲ್ಲ. ಸ್ಟೇಷನ್ನಿಗೆ ಹೋಗಿ ಅವರನ್ನು ಇಳಿಸಿಕೊಳ್ಳುವುದು ನಿಮ್ಮ ಪಾಲಿಗೆ ಬಿಟ್ಟಿದ್ದೇನೆ. ನನ್ನ ಮುಖ ನೋಡುವುದಾದರೆ ಅದಾದ ಮೇಲೆ ನೋಡಿ. ಮೊದಲು ಅವರನ್ನು ಮಾತಾಡಿಸಿ.

ನಿಮ್ಮ ಮನೆ ತಣ್ಣಗಿರಲಿ, ಮಗಳು ನಿಮ್ಮ ಎತ್ತರಕ್ಕೆ ಬೆಳೆಯಲಿ. ಅಮ್ಮನಿಗೂ ಅಣ್ಣನಿಗೂ ಈ ಕಾಗದವನ್ನು ಓದಿಹೇಳಿ. ನಿಮ್ಮ ಕಾಲಿಗೆ ನಮಸ್ಕಾರ ಮಾಡಿ ಕಾಯುತ್ತಿರುವ,

ನಿಮ್ಮ
ವನಜ